ರಿಲೇಶನಲ್ ಡೇಟಾಬೇಸ್ ಮುಗೀತು, ಮುಂದೆ ಏನು ಓದಲಿ?

ಬೆಳಗಾವಿಯಲ್ಲಿ ಬಿಇ ಓದುತ್ತಿದ್ದೀರಿ, ಎಸ್‌ಕ್ಯೂಎಲ್, ನಾರ್ಮಲೈಸೇಶನ್ ಮುಗಿದಿದೆ. ಈಗ ಮೊಂಗೋಡಿಬಿ, ಕಸಾಂಡ್ರಾ, ನಿಯೋ4ಜೆ ಅಂತ ಹತ್ತಾರು ಡೇಟಾಬೇಸ್‌ಗಳ ಹೆಸರು ಕಾಣ್ತಿವೆ, ಯಾವುದನ್ನ ಹಿಡಿಯಲಿ, ಪುಣೆಗೆ ಹೋಗಿ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ಪುಣೆ ಬೇಡ. ಹೆಸರುಗಳ ಬೆನ್ನು ಹತ್ತುವುದೂ ಬೇಡ. ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ನನ್ನ ಪ್ರಕಾರ ಡೇಟಾ ಡಿಸ್ಕ್ ಮೇಲೆ ಹೇಗೆ ಕೂರುತ್ತದೆ ಅನ್ನೋದೇ ಮೊದಲ ಪಾಠ.

ಅದರಲ್ಲಿ ಎರಡು ದಾರಿ ಮುಖ್ಯ. ಒಂದು ಬಿ-ಟ್ರೀ, ಅಂದ್ರೆ ಡೇಟಾವನ್ನು ಸದಾ ವಿಂಗಡಿಸಿದ ಮರದ ರೂಪದಲ್ಲಿಟ್ಟು, ಬದಲಾವಣೆಯನ್ನು ಅದರ ಜಾಗದಲ್ಲೇ ತಿದ್ದುವ ದಾರಿ. ಇನ್ನೊಂದು 1996ರ ಪೇಪರ್‌ನಲ್ಲಿ ಬಂದ ಎಲ್‌ಎಸ್‌ಎಂ ಟ್ರೀ. ನಮ್ಮ ಅಡತಿ ಅಂಗಡಿಯವರು ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಸರಸರ ಬರೆದು, ಪುರುಸೊತ್ತಾದಾಗ ಖಾತೆಗೆ ಏರಿಸುತ್ತಾರಲ್ಲ, ಎಲ್‌ಎಸ್‌ಎಂ ಹೆಚ್ಚುಕಮ್ಮಿ ಹಾಗೇ. ಹೊಸ ಬರಹ ಮೆಮೊರಿಯಲ್ಲಿ ಸೇರುತ್ತದೆ, ತುಂಬಿದ ಮೇಲೆ ವಿಂಗಡಿಸಿದ ಫೈಲಾಗಿ ಡಿಸ್ಕ್‌ಗೆ ಇಳಿಯುತ್ತದೆ, ಹಿನ್ನೆಲೆಯಲ್ಲಿ ಆ ಫೈಲುಗಳು ಒಂದರೊಳಗೊಂದು ಬೆರೆಯುತ್ತವೆ. ಬರೆಯುವುದು ಸಲೀಸು. ಓದುವಾಗ ನಾಲ್ಕಾರು ಫೈಲು ತಡಕಬೇಕಾಗಬಹುದು. ಹನಿ ನೀರಾವರಿ ಹೊಲದ ಸೆನ್ಸರ್‌ಗಳು ಹಗಲೂ ರಾತ್ರಿ ಅಂಕಿ ಕಳಿಸುತ್ತಿದ್ದರೆ ಇದು ಒಳ್ಳೇದು. (ಬಿ-ಟ್ರೀ ಡೇಟಾಬೇಸ್‌ಗಳೂ ಮೊದಲು ಲಾಗ್ ಬರೆಯುತ್ತವೆ, ಹಾಗಾಗಿ ಕಿರ್ದಿಯ ಮಾತನ್ನ ತೀರಾ ಎಳೆಯಬೇಡಿ.)

ಮಜಾ ಏನಂದ್ರೆ, ನೋಎಸ್‌ಕ್ಯೂಎಲ್ (ರಿಲೇಶನಲ್ ಅಲ್ಲದ್ದು) ಅಂತ ಕರೆಯುವ ಮೊಂಗೋಡಿಬಿ ಒಳಗೆ ಡಿಸ್ಕ್ ಕೆಲಸ ನೋಡಿಕೊಳ್ಳುವ ಎಂಜಿನ್ ವೈರ್ಡ್‌ಟೈಗರ್ ಬಿ-ಟ್ರೀಯನ್ನೇ ಬಳಸುತ್ತದೆ. ಅದೇ ಮೈಎಸ್‌ಕ್ಯೂಎಲ್ ಕೆಳಗೆ ಮೈರಾಕ್ಸ್ ಅನ್ನೋ ಎಂಜಿನ್ ಹಾಕಿದರೆ ಎಲ್‌ಎಸ್‌ಎಂ ಸಿಗುತ್ತದೆ. ಹೊರಗಿನ ಬೋರ್ಡ್ ನೋಡಿ ಒಳಗೇನಿದೆ ಹೇಳೋಕಾಗಲ್ಲ, ಅಲ್ವಾ?

ಗ್ರಾಫ್ ಡೇಟಾಬೇಸ್, ಅಂದ್ರೆ ಯಾರಿಗೆ ಯಾರ ಜೊತೆ ಏನು ಸಂಬಂಧ ಅನ್ನೋದನ್ನೇ ಕೊಂಡಿಗಳಾಗಿ ಇಡುವ ನಿಯೋ4ಜೆ ಥರದ್ದು, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಸೀಸನ್‌ಗೆ ಮೊದಲು ಮುಂಗಡ ತೆಗೆದುಕೊಳ್ಳುತ್ತಾನೆ. ಅವನಿಗೆ ಒಬ್ಬ ಜಾಮೀನು. ಆ ಜಾಮೀನುದಾರನೂ ಬೇರೆ ಕಡೆ ಮುಂಗಡ ಎತ್ತಿರುತ್ತಾನೆ, ಅವನಿಗೆ ಮತ್ತೊಬ್ಬ ಜಾಮೀನು. ಕೊನೆಗೆ ಸುತ್ತಿ ಬಂದು ಮೊದಲ ಮುಕಾದಮನೇ ಯಾರಿಗೋ ಜಾಮೀನಾಗಿದ್ದಾನಾ? ಎಸ್‌ಕ್ಯೂಎಲ್‌ನ ರಿಕರ್ಸಿವ್ ಕ್ವೆರಿಯಲ್ಲೂ ಇದನ್ನ ಹುಡುಕಬಹುದು, ಆದರೆ ಬರೆದು ಓದುವಷ್ಟರಲ್ಲಿ ತಲೆ ಬಿಸಿಯಾಗುತ್ತದೆ. ನಿಯೋ4ಜೆಯ ಸೈಫರ್ ಭಾಷೆಯಲ್ಲಿ ಸಂಬಂಧದ ಮುಂದೆ *1..4 ಅಂತ ಹಾಕಿದರೆ ಒಂದರಿಂದ ನಾಲ್ಕು ಕೊಂಡಿವರೆಗೆ ಅದೇ ನಡೆದು ನೋಡುತ್ತದೆ. 2024ರಲ್ಲಿ ಜಿಕ್ಯೂಎಲ್ ಅಂತ ಗ್ರಾಫ್ ಕ್ವೆರಿಗೆ ಐಎಸ್‌ಒ ಸ್ಟ್ಯಾಂಡರ್ಡ್ ಕೂಡ ಬಂತು, ಆದ್ದರಿಂದ ಕಲಿತದ್ದು ದಂಡ ಆಗಲ್ಲ.

ಡಾಕ್ಯುಮೆಂಟ್ (ಜೇಸನ್ ರೂಪದ ದಾಖಲೆ), ವೆಕ್ಟರ್ (ಹೋಲಿಕೆ ಇರುವುದನ್ನ ಹುಡುಕಲು ಬಳಸುವ ಅಂಕಿಗಳ ಪಟ್ಟಿ) ಎರಡಕ್ಕೂ ಸದ್ಯಕ್ಕೆ ಪೋಸ್ಟ್‌ಗ್ರೆಸ್ ಅನ್ನೋ ರಿಲೇಶನಲ್ ಡೇಟಾಬೇಸೇ ಸಾಕು. 2014ರಿಂದ ಅದರಲ್ಲಿ ಜೇಸನ್ ಇಡೋಕೆ ಜೇಸನ್‌ಬಿ ಇದೆ, ವೆಕ್ಟರ್‌ಗೆ ಪಿಜಿವೆಕ್ಟರ್ ಅನ್ನೋ ಎಕ್ಸ್‌ಟೆನ್ಶನ್ ಇದೆ. ಸುಮ್ನೆ ಇನ್ನೊಂದು ಸರ್ವರ್ ಯಾಕೆ?

ಇನ್ನು ಡೇಟಾ ಹಲವು ಮೆಷಿನ್‌ಗಳ ಮೇಲೆ ಹರಡಿದಾಗಿನ ವಿಷಯ. ಎಲ್ಲ ಕಡೆ ಒಂದೇ ಡೇಟಾ ಕಾಣುವುದು, ಸದಾ ಉತ್ತರ ಸಿಗುವುದು, ನೆಟ್ ಕಡಿದರೂ ನಡೆಯುವುದು, ಈ ಮೂರೂ ಒಟ್ಟಿಗೆ ಸಿಗಲ್ಲ ಅನ್ನೋ ಕ್ಯಾಪ್ ಸಿದ್ಧಾಂತವನ್ನ 'ಮೂರರಲ್ಲಿ ಎರಡು ಆರಿಸಿ' ಅಂತ ಬಾಯಿಪಾಠ ಮಾಡಬೇಡಿ. ಎರಡು ಊರಲ್ಲಿ ವೇಬ್ರಿಡ್ಜ್ ಇದೆ, ನಡುವಿನ ನೆಟ್ ಹೋಗಿದೆ ಅಂದ್ಕೊಳ್ಳಿ. ತೂಕದ ಚೀಟಿ ಕೊಡುತ್ತಾ ಹೋದರೆ ಒಂದೇ ಕಟಾವು ಪರ್ಮಿಟ್ ಎರಡೂ ಕಡೆ ನಡೆದುಬಿಡಬಹುದು. ನಿಲ್ಲಿಸಿದರೆ ಟ್ರ್ಯಾಕ್ಟರ್‌ಗಳ ಸಾಲು ರಸ್ತೆಗೆ ಬರುತ್ತದೆ. ನೆಟ್ ಕಡಿದಾಗ ಮಾತ್ರ ಬರುವ ಆಯ್ಕೆ ಇದು. 2000ದಲ್ಲಿ ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ ಇದನ್ನ ಊಹೆಯಾಗಿ ಹೇಳಿದರು, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಸಾಧಿಸಿ ತೋರಿಸಿದರು. ಇದಾದ ಮೇಲೆ ಅಮೆಜಾನ್‌ನ ಡೈನಮೋ ಪೇಪರ್ ಓದಿ, 2007ರದ್ದು. ಚೀಟಿ ಕೊಡುತ್ತಲೇ ಇರೋಣ, ಗೊಂದಲ ಆಮೇಲೆ ಬಿಡಿಸೋಣ ಅಂತ ಹೊರಟವರು ಏನೇನು ಮಾಡಬೇಕಾಯಿತು ಅನ್ನೋದು ಅದರಲ್ಲಿದೆ. ಎದುರು ದಿಕ್ಕಿನದು, ಅಂದ್ರೆ ಗೊಂದಲವೇ ಬೇಡ ಅಂದವರದ್ದು ಬೇಕಾದರೆ 2012ರ ಗೂಗಲ್ ಸ್ಪ್ಯಾನರ್ ಪೇಪರ್.

ಕೋರ್ಸ್ ಬೇಕೇ ಬೇಕು ಅಂದ್ರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡಿ ಪಾವ್ಲೊ ಅವರ ಪಾಠಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಇವೆ. ಮೊದಲು 15-445 ನಂಬರಿನ ಕೋರ್ಸ್, ಆಮೇಲೆ 15-721. ಮೊದಲನೆಯದರ ಅಸೈನ್‌ಮೆಂಟ್‌ಗಳು ಬಸ್‌ಟಬ್ ಅನ್ನೋ ಕಲಿಕೆಯ ಡೇಟಾಬೇಸ್ ಮೇಲೆ, ಸಿ++ನಲ್ಲಿ. ಬಫರ್ ಪೂಲ್ (ಡಿಸ್ಕ್‌ನ ಪುಟಗಳನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಭಾಗ) ಅಸೈನ್‌ಮೆಂಟ್ ಬಿಟ್ಟು ಬರೀ ವಿಡಿಯೊ ನೋಡಬೇಡಿ. ಸಿ++ ಕೈಗೆ ಹತ್ತಿಲ್ಲ ಅಂದ್ರೆ ಮೊದಲು ಒಂದು ತಿಂಗಳು ಅದಕ್ಕೇ ಕೊಡಿ.