ಸೂರ್ಯನಿಗೆ ಹೋಗಿ ನೋಡಿ ಬಂದವರು ಯಾರು?

ಜಮಖಂಡಿ ಹತ್ತಿರದ ಹಳ್ಳಿಯ ಓದುಗರೊಬ್ಬರ ಪತ್ರದ ಸಾರ ಇದು: "ಕಳೆದ ಸಂಚಿಕೆಯ ವಿಜ್ಞಾನ ಪುಟದಲ್ಲಿ ಸೂರ್ಯನಲ್ಲಿ ಹೀಲಿಯಂ ಇದೆ ಅಂತ ಬರೆದಿದ್ದೀರಿ. ಅಲ್ಲಿಗೆ ಹೋಗಿ ನೋಡಿ ಬಂದವರು ಯಾರು? ನಾನು ಬಿ.ಎ. ಮುಗಿಸಿ ಕಿರಾಣಿ ಅಂಗಡಿ ನಡೆಸುವವನು. ನೀವು ಹೇಳಿದ್ದನ್ನು ನಂಬಬೇಕು, ಇಲ್ಲವೇ ಪುಟ ತಿರುವಬೇಕು. ಹಾಗಾದರೆ ಪುರಾಣಕ್ಕೂ ಇದಕ್ಕೂ ಏನು ಫರಕು?"

ನಮಸ್ಕಾರ. ಪತ್ರ ಓದಿ ಖುಷಿಯಾಯಿತು. ನಿಮ್ಮ ವಿಳಾಸ ನೋಡಿ ಇನ್ನೂ ಜಾಸ್ತಿ ಖುಷಿಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಫ್ರಾನ್ಸಿನ ತತ್ವಜ್ಞಾನಿ ಆಗಸ್ಟ್ ಕಾಮ್ಟ್ ಅವರಿಗೂ ನಿಮ್ಮ ಹಾಗೇ ಅನ್ನಿಸಿತ್ತು. ನಕ್ಷತ್ರಗಳು ಯಾವುದರಿಂದ ಆಗಿವೆ ಎಂಬುದು ಮನುಷ್ಯನಿಗೆ ಎಂದಿಗೂ ತಿಳಿಯದು ಎಂದು ಅವರು 1835ರಲ್ಲಿ ಬರೆದರು. ಅಷ್ಟು ದೂರ ಹೋಗಿ ಒಂದು ಚೂರು ತರುವುದು ಆಗದ ಮಾತು, ಅಲ್ವಾ? ಆದರೆ ಹೋಗುವ ಅಗತ್ಯವೇ ಇರಲಿಲ್ಲ. ಪಕ್ಕದ ಮನೆಯ ಒಗ್ಗರಣೆಗೆ ಬೆಳ್ಳುಳ್ಳಿ ಬಿತ್ತೋ ಇಂಗು ಬಿತ್ತೋ ಅಂತ ತಿಳಿಯಲು ಅವರ ಅಡುಗೆಮನೆಗೆ ನುಗ್ಗಬೇಕೇ? ವಾಸನೆಯೇ ಬಂದು ಹೇಳುತ್ತದೆ. ಸೂರ್ಯನ ಸಮಾಚಾರವನ್ನು ಬೆಳಕು ತಂದು ಹೇಳುತ್ತದೆ.

ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಉರಿ ಹಳದಿಯಾಗುತ್ತದೆ. ನಿಮ್ಮ ಮನೆಯಲ್ಲೂ ನೋಡಿರುತ್ತೀರಿ. ಅದು ಉಪ್ಪಿನಲ್ಲಿರುವ ಸೋಡಿಯಂ ಕೊಡುವ ಬಣ್ಣ. ಆ ಸೋಡಿಯಂ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಬರುವುದಿಲ್ಲ. ಹಳದಿಯ ಜಾಗದಲ್ಲಿ ಒತ್ತೊತ್ತಾಗಿ ಎರಡು ಗೆರೆ ಎದ್ದು ಕಾಣುತ್ತವೆ. ಸೋಡಿಯಂ ಎಲ್ಲೇ ಇದ್ದರೂ ಅವೇ ಗೆರೆ, ಅದೇ ಜಾಗ. ಹೀಗೆ ಒಂದೊಂದು ಮೂಲವಸ್ತುವಿಗೂ ಅದರದೇ ಗೆರೆಗಳು. ಇದನ್ನು 1859-60ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ತೋರಿಸಿಕೊಟ್ಟರು. ಕಾಲೇಜಿನ ಲ್ಯಾಬಿನಲ್ಲಿ ಬುನ್ಸೆನ್ ಬರ್ನರ್ ಇರುತ್ತದಲ್ಲ, ಅದೇ ಬುನ್ಸೆನ್.

ಈಗ ನಿಮ್ಮೂರ ಕಡೆ ಬರೋಣ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ನೆರಳು ಭಾರತವನ್ನು ಅಡ್ಡಲಾಗಿ ದಾಟಿತು. ಅದನ್ನು ನೋಡಲು ಗುಂಟೂರಿಗೆ ಫ್ರಾನ್ಸಿನಿಂದ ಜಾನ್ಸೆನ್ ಬಂದಿದ್ದರು. ಮಚಲಿಪಟ್ಟಣದಲ್ಲಿ ಮದರಾಸಿನ ವೀಕ್ಷಣಾಲಯದ ಪಾಗ್ಸನ್ ಇದ್ದರು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್! ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಮಳೆಗಾಲದ ಮೋಡ ಅವರನ್ನು ಚೆನ್ನಾಗಿಯೇ ಸತಾಯಿಸಿತು. ಮೋಡ ಬಿಟ್ಟಾಗ, ಕಪ್ಪಾದ ಸೂರ್ಯನ ಅಂಚಿನಿಂದ ಹೊರಚಾಚಿದ್ದ ಕೆಂಪು ಜ್ವಾಲೆಗಳಿಗೆ ಅವರು ಸ್ಪೆಕ್ಟ್ರೋಸ್ಕೋಪ್, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಉಪಕರಣ, ತಿರುಗಿಸಿದರು. ಕೆಂಪು, ಕಿತ್ತಳೆ, ನೀಲಿ ಗೆರೆಗಳು ಬಿಡಿಬಿಡಿಯಾಗಿ ಕಂಡವು. ಹೀಗೆ ಬಿಡಿ ಗೆರೆಗಳನ್ನು ಕೊಡುವುದು ಕಾದ ಅನಿಲ. ಅಂದರೆ ಆ ಜ್ವಾಲೆಗಳಲ್ಲಿರುವುದೂ ಅದೇ. ಇದನ್ನು ಕಂಡುಕೊಂಡಿದ್ದು ನಿಮ್ಮ ಜಮಖಂಡಿಯಲ್ಲಿ ನಿಂತು ಸ್ವಾಮಿ, ಸೂರ್ಯನಿಗೆ ಹೋಗಿ ಅಲ್ಲ.

ಆ ಕಿತ್ತಳೆ ಗೆರೆ ಸೋಡಿಯಂನದೇ ಎಂದು ಹರ್ಷೆಲ್ ತಿಳಿದರು. ತಿಳಿಯದೆ ಏನು ಮಾಡಿಯಾರು? ಬೆಳಕಿನ ಅಲೆಯ ಉದ್ದದ ಲೆಕ್ಕದಲ್ಲಿ ಸೋಡಿಯಂ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರ್‌ನಲ್ಲಿವೆ. ಈ ಗೆರೆ 587.6ರಲ್ಲಿ. ಗ್ರಹಣದ ಆ ಕೆಲವೇ ನಿಮಿಷಗಳಲ್ಲಿ, ಮೋಡದ ಕಣ್ಣಾಮುಚ್ಚಾಲೆಯ ನಡುವೆ, ಈ ಅಂತರ ಕಾಣುವುದು ಕಷ್ಟ.

ಗುಂಟೂರಿನ ಜಾನ್ಸೆನ್‌ಗೆ ಬೇರೊಂದು ಹೊಳೆಯಿತು. ಗೆರೆಗಳು ಇಷ್ಟು ಪ್ರಖರವಾಗಿದ್ದರೆ ಗ್ರಹಣವೇ ಬೇಕಾಗಿಲ್ಲವಲ್ಲ! ಮರುದಿನ ಬೆಳಿಗ್ಗೆ ಸುಮ್ಮನೆ ಸೂರ್ಯನ ಅಂಚಿಗೆ ಸ್ಪೆಕ್ಟ್ರೋಸ್ಕೋಪ್ ಹಿಡಿದರು, ಗೆರೆಗಳು ಕಂಡವು. ಜಾನ್ಸೆನ್ ಹೀಲಿಯಂ ಕಂಡುಹಿಡಿದರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ನನಗೇನೋ ಅದು ಒಪ್ಪಿಗೆಯಿಲ್ಲ. ಅವರ ದೊಡ್ಡ ಕೆಲಸ ಈ ಉಪಾಯ.

ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಕೂಡ ತಮ್ಮಷ್ಟಕ್ಕೆ ಇದೇ ಉಪಾಯ ಮಾಡಿದರು. ಅವರು ಯುದ್ಧ ಇಲಾಖೆಯಲ್ಲಿ ಗುಮಾಸ್ತರು, ಖಗೋಳ ಅವರ ಹವ್ಯಾಸ. ಗ್ರಹಣದ ಗಡಿಬಿಡಿ ಇಲ್ಲದ್ದರಿಂದ ನಿಧಾನವಾಗಿ ಅಳೆದರು. ಹರ್ಷೆಲ್‌ಗೆ ಕಿತ್ತಳೆಯಾಗಿ ಕಂಡಿದ್ದ ಆ ಹಳದಿ ಗೆರೆ ಸೋಡಿಯಂ ಜೊತೆ ಹೊಂದಲಿಲ್ಲ. ಭೂಮಿಯ ಮೇಲೆ ಗೊತ್ತಿದ್ದ ಯಾವ ಮೂಲವಸ್ತುವಿನ ಜೊತೆಗೂ ಹೊಂದಲಿಲ್ಲ. ಇದು ಹೊಸದು ಎಂದರು, ಹೀಲಿಯಂ ಎಂಬ ಹೆಸರೂ ಬಂತು. ಕೈಗೆ ಸಿಗದ ವಸ್ತುವನ್ನು ಬರೀ ಒಂದು ಗೆರೆ ನೋಡಿ ಒಪ್ಪಲು ಹೆಚ್ಚಿನ ರಸಾಯನ ವಿಜ್ಞಾನಿಗಳು ತಯಾರಿರಲಿಲ್ಲ. ನಿಮ್ಮ ಪ್ರಶ್ನೆಯನ್ನೇ ಅವರೂ ಕೇಳಿದರು ಅನ್ನಿ.

ಉತ್ತರ ಸಿಕ್ಕಿದ್ದು 1895ರಲ್ಲಿ. ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜಕ್ಕೆ ಆಮ್ಲ ಹಾಕಿದರು. ಹೊರಬಂದ ಅನಿಲದ ಬೆಳಕಿನಲ್ಲಿ ಅದೇ ಹಳದಿ ಗೆರೆ ಇತ್ತು! ಸೂರ್ಯನಲ್ಲಿ ಮೊದಲು ಕಂಡ ವಸ್ತು 27 ವರ್ಷದ ನಂತರ ಭೂಮಿಯ ಕಲ್ಲಿನೊಳಗೆ ಸಿಕ್ಕಿತು. ಅದನ್ನು ನೋಡಲು ಲಾಕ್ಯರ್ ಬದುಕಿದ್ದರು. ಅಂದ ಹಾಗೆ, 1869ರಲ್ಲಿ 'ನೇಚರ್' ಪತ್ರಿಕೆ ಶುರುಮಾಡಿ ಸುಮಾರು 50 ವರ್ಷ ಅದರ ಸಂಪಾದಕರಾಗಿದ್ದವರೂ ಇವರೇ. ನಮ್ಮ ಕಸುಬಿನವರು ಅಂತ ನನಗೆ ಸ್ವಲ್ಪ ಜಂಬ.

ಫರಕು ಏನು ಅಂತ ಕೇಳಿದ್ದೀರಿ. ಪುರಾಣದ ಸೊಗಸು ಬೇರೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ವಿಜ್ಞಾನದಲ್ಲಿ "ಯಾರು ನೋಡಿದ್ದು, ಹೇಗೆ ಗೊತ್ತಾಯಿತು" ಅಂತ ಅಂಗಡಿಯವರು ಕೇಳಿದರೂ ಉತ್ತರ ಕೊಡಲೇಬೇಕು. ಮಜಾ ಇರುವುದೂ ಆ ಉತ್ತರದಲ್ಲೇ. ಸೂರ್ಯನಲ್ಲಿ ಹೀಲಿಯಂ ಇದೆ ಎಂಬುದು ಒಂದು ಸಾಲಿನ ಸುದ್ದಿ, ಪರೀಕ್ಷೆಗೆ ಉರುಹೊಡೆಯಲು ಸಾಕು.

ನೀವೂ ಒಂದು ಕೈ ನೋಡಿ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಒಂದು ಹಳೇ ಸಿ.ಡಿ. ಹುಡುಕಿ. ಅದರ ಹೊಳೆಯುವ ಮುಖವನ್ನು ಒಮ್ಮೆ ಹಳೇ ತಂತಿ ಬಲ್ಬಿಗೆ, ಒಮ್ಮೆ ಸಿಎಫ್‌ಎಲ್ ಬಲ್ಬಿಗೆ ಓರೆಯಾಗಿ ಹಿಡಿಯಿರಿ. ಒಂದರಲ್ಲಿ ಬಣ್ಣಗಳು ಒಂದಕ್ಕೊಂದು ಬೆರೆತು ಹರಡುತ್ತವೆ, ಇನ್ನೊಂದರಲ್ಲಿ ತುಂಡುತುಂಡಾಗಿ ನಿಲ್ಲುತ್ತವೆ. ಸೂರ್ಯನನ್ನು ಮಾತ್ರ ಹೀಗೆ ನೋಡಬೇಡಿ, ಸಿ.ಡಿ.ಯ ಮೇಲೂ ಬೇಡ, ಕಣ್ಣಿಗೆ ಅಪಾಯ. ಯಾವ ಬಲ್ಬಿನಲ್ಲಿ ಏನು ಕಂಡಿತು, ಯಾಕಿರಬಹುದು ಅಂತ ಬರೆದು ಕಳಿಸಿ. ಮುಂದಿನ ಸಂಚಿಕೆಯ ವಿಜ್ಞಾನ ಪುಟದಲ್ಲಿ ಅರ್ಧ ಕಾಲಂ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ