ವಿಡಿಐ ಕಡತ ಒಂದನ್ನೇ ಹೊಸ ಲ್ಯಾಪ್‌ಟಾಪ್‌ಗೆ ಒಯ್ದರೆ ಸಾಕೇ?

ಸಾಲದು. ವರ್ಚುವಲ್‌ಬಾಕ್ಸ್‌ನಲ್ಲಿರುವ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ಬೇಗ ಸಾಗಿಸುವ ದಾರಿ ಕೇಳಿದ್ದೀರಿ. ವರ್ಚುವಲ್‌ಬಾಕ್ಸ್ ಎಂದರೆ ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷೀನ್) ಓಡಿಸುವ ತಂತ್ರಾಂಶ; ಆ ಒಳಗಿನ ಕಂಪ್ಯೂಟರ್‌ನ ಡಿಸ್ಕ್ ಇರುವ ಕಡತವೇ ವಿಡಿಐ. ಬೇಗ ಮುಗಿಸಲು ಹೋಗಿಯೇ ನಾನು ಎರಡು ವರ್ಷದ ಲೆಕ್ಕ ಕಳೆದುಕೊಂಡೆ.

ಆಗ ಕಲಬುರಗಿಯ ನೆಹರೂ ಗಂಜ್‌ನ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ತೊಗರಿ ತಂದ ರೈತರ ಖಾತೆ, ಮುಂಗಡ, ಹಮಾಲಿ ಎಲ್ಲವೂ ಫಾಕ್ಸ್‌ಪ್ರೊದಲ್ಲಿ ಬರೆಸಿದ ಹಳೆಯ ತಂತ್ರಾಂಶದಲ್ಲಿದ್ದವು. ನಮ್ಮ ಹೊಸ ವಿಂಡೋಸ್‌ನಲ್ಲಿ ಅದು ಓಡುತ್ತಿರಲಿಲ್ಲ. ಅದೊಂದಕ್ಕಾಗಿ ವರ್ಚುವಲ್ ಮಷೀನ್‌ನಲ್ಲಿ ಎಕ್ಸ್‌ಪಿಯನ್ನು ಉಳಿಸಿಕೊಂಡಿದ್ದೆವು. ಸಿ ಡ್ರೈವ್‌ನಲ್ಲಿ ಜಾಗವಿಲ್ಲದೆ ವಿಡಿಐ ಕಡತವನ್ನು ಡಿ ಡ್ರೈವ್‌ನಲ್ಲಿ ಇಟ್ಟಿದ್ದೆ.

2019ರ ಬೇಸಿಗೆಯಲ್ಲಿ ಹೊಸ ಕಂಪ್ಯೂಟರ್ ಬಂತು. ವಿಡಿಐಯನ್ನು ಕಾಪಿ ಮಾಡದೆ ಕಟ್ ಮಾಡಿ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಂಡು ಬಂದೆ. ಎಕ್ಸ್‌ಪಿ ಸಲೀಸಾಗಿ ತೆರೆದುಕೊಂಡಿತು. ಸಾವುಕಾರರಿಗೂ ಖುಷಿಯಾಯಿತು. ಅಷ್ಟರಲ್ಲಿ ಜೇವರ್ಗಿ ಕಡೆಯ ಹಿರಿಯರೊಬ್ಬರು ಬಂದು ಕುಳಿತು, "ತಮ್ಮಾ, ನನ್ನ ಬಾಕಿ ಎಷ್ಟಿದೆ ನೋಡು" ಎಂದರು. ಅವರ ಖಾತೆ ತೆರೆದರೆ ಕೊನೆಯ ಸಾಲು 2017ರದು.

2017ರಲ್ಲಿ ಪ್ರಿಂಟರ್‌ನ ಡ್ರೈವರ್ ಹಾಕುವ ಮುಂಚೆ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲೆಂದು, ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದು ಮರೆತಿದ್ದೆ. ಸ್ನ್ಯಾಪ್‌ಶಾಟ್ ಎಂದರೆ ಫೋಟೊದ ಹಾಗೆ ಪಕ್ಕಕ್ಕೆ ಎತ್ತಿಟ್ಟ ಪ್ರತಿ ಎಂದೇ ತಿಳಿದಿದ್ದೆ. ಅದು ಹಾಗಲ್ಲ. ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಲ್ಲೇ ಮೂಲ ವಿಡಿಐ ನಿಂತುಬಿಡುತ್ತದೆ. ಅನಂತರ ಬರೆದದ್ದೆಲ್ಲ ಬೇರೊಂದು ಕಡತಕ್ಕೆ ಹೋಗುತ್ತದೆ. ಕೀರ್ದಿ ಪುಸ್ತಕವನ್ನು ಮುಚ್ಚಿ, ಬದಲಾದ ಸಾಲುಗಳನ್ನಷ್ಟೇ ಬೇರೆ ವಹಿಯಲ್ಲಿ ಬರೆದಂತೆ. ಆ ವಹಿ ಸಿ ಡ್ರೈವ್‌ನ ಸ್ನ್ಯಾಪ್‌ಶಾಟ್ಸ್ ಫೋಲ್ಡರ್‌ನಲ್ಲಿ, ಉದ್ದುದ್ದ ಅಂಕಿ-ಅಕ್ಷರಗಳ ಹೆಸರು ಹೊತ್ತು ಕುಳಿತಿತ್ತು. ಆ ಕಡತ ಅಲ್ಲೇ ಇತ್ತು, ಆದರೂ ಕೆಲಸಕ್ಕೆ ಬರಲಿಲ್ಲ. ಏಕೆಂದರೆ ಹೊಸ ಕಂಪ್ಯೂಟರ್‌ನಲ್ಲಿ ಎಕ್ಸ್‌ಪಿ ಒಮ್ಮೆ ಶುರುವಾದಾಗಲೇ ಮೂಲ ವಿಡಿಐ ಮೇಲೆ ತನ್ನ ಕಡತಗಳನ್ನು ಬರೆದುಬಿಟ್ಟಿತ್ತು. ವಹಿಯಲ್ಲಿ "ಇಷ್ಟನೇ ಪುಟದ ಇಷ್ಟನೇ ಸಾಲು ತಿದ್ದಿದೆ" ಎಂದಿದ್ದರೆ, ಪುಸ್ತಕದಲ್ಲಿ ಆ ಪುಟವೇ ಬೇರೆಯಾಗಿತ್ತು. ಕಟ್ ಮಾಡದೆ ಕಾಪಿ ಮಾಡಿದ್ದರೆ ಮೂಲ ಹಾಗೇ ಉಳಿಯುತ್ತಿತ್ತು. ಎರಡನ್ನೂ ಬಲವಂತವಾಗಿ ಜೋಡಿಸಿ ನೋಡಿದೆ. ಖಾತೆಯ ಕಡತ ತೆರೆಯಲೇ ಇಲ್ಲ.

ಆ ಬೇಸಿಗೆಯಿಡೀ ಅಂಗಡಿ ಮುಚ್ಚಿದ ಮೇಲೆ ಕುಳಿತು, ಬಿಲ್ಲುಗಳ ಕಾರ್ಬನ್ ಪ್ರತಿ ನೋಡಿ ಮತ್ತೆ ನಮೂದಿಸಿದೆ. ಬಿಸಿಲ ತಗಡಿನ ಕೆಳಗಿದ್ದ ಕಟ್ಟುಗಳಲ್ಲಿ ನೀಲಿ ಅಕ್ಷರ ಮಸುಕಾಗಿ 3 ಯಾವುದು, 8 ಯಾವುದು ತಿಳಿಯುತ್ತಿರಲಿಲ್ಲ. ಜೇವರ್ಗಿಯ ಹಿರಿಯರು ಬಾಯಿಲೆಕ್ಕದಲ್ಲೇ ಹೇಳಿದ ಬಾಕಿಯನ್ನು ಸಾವುಕಾರರು ಒಪ್ಪಿಕೊಂಡರು.

ಆದ್ದರಿಂದ ಯಾವ ದಾರಿ ಬೇಗ ಎಂಬ ಪ್ರಶ್ನೆಯನ್ನೇ ಬಿಡಿ. ಎಷ್ಟು ಸ್ನ್ಯಾಪ್‌ಶಾಟ್‌ಗಳಿವೆ ಎಂದು ಮೊದಲು ನೋಡಿ. ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿ. ಸೇವ್ ಸ್ಟೇಟ್‌ನಲ್ಲಿ, ಅಂದರೆ ಓಡುತ್ತಿದ್ದ ಸ್ಥಿತಿಯಲ್ಲೇ ನಿಲ್ಲಿಸಿ, ಬಿಟ್ಟರೆ ಬೇರೆ ಪ್ರೊಸೆಸರ್ ಮೇಲೆ ಅದು ಮತ್ತೆ ಏಳದಿರಬಹುದು. ಆಮೇಲೆ ವರ್ಚುವಲ್‌ಬಾಕ್ಸ್‌ನಿಂದ ಎಕ್ಸ್‌ಪೋರ್ಟ್ ಮಾಡಿ ಓವಿಎ ಕಡತ, ಅಂದರೆ ಇಡೀ ಮಷೀನ್‌ನ ಒಂದೇ ಕಟ್ಟು, ಮಾಡಿಕೊಳ್ಳಿ. ಸ್ನ್ಯಾಪ್‌ಶಾಟ್‌ಗಳೆಲ್ಲ ಕೂಡಿಕೊಂಡು ಇಂದಿನ ಸ್ಥಿತಿಯ ಒಂದೇ ಡಿಸ್ಕ್ ಅದರಲ್ಲಿರುತ್ತದೆ. ತಂತ್ರಾಂಶದ ಪರವಾನಗಿ ನೆಟ್‌ವರ್ಕ್ ಕಾರ್ಡಿಗೆ ಅಂಟಿಕೊಂಡಿದ್ದರೆ ಆ ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವನ್ನೂ ಉಳಿಸಿಕೊಳ್ಳಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಕಡತ ಅದಕ್ಕೆ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಬದಲಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ನಿಮ್ಮ ಲೆಕ್ಕವೂ ಫಾಕ್ಸ್‌ಪ್ರೊ ಬಳಸುವ ಡಿಬಿಎಫ್ ಕಡತಗಳಲ್ಲಿದ್ದರೆ ಅವು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ತೆರೆಯುತ್ತವೆ. ಅವುಗಳ ಪ್ರತಿಯನ್ನು ಇವತ್ತೇ ಹೊರತೆಗೆಯಿರಿ, ಮಷೀನ್ ಸಾಗಿಸುವುದು ಆಮೇಲೆ.

ಹೊಸದರಲ್ಲಿ ಎಕ್ಸ್‌ಪಿ ತೆರೆಯಿತೆಂದು ನಂಬಬೇಡಿ, ನಿನ್ನೆಯ ನಮೂದನ್ನು ಹುಡುಕಿ ನೋಡಿ. ಅದು ಸಿಕ್ಕ ಮೇಲೂ ಹಳೆಯ ಲ್ಯಾಪ್‌ಟಾಪ್‌ನಿಂದ ಒಂದು ತಿಂಗಳು ಏನನ್ನೂ ಅಳಿಸಬೇಡಿ.