ಚಳಿಗಾಲದಲ್ಲಿ ಗೆಳೆಯನ ಜೊತೆ ನಾಯಿ ಕರ್ಕೊಂಡು ಒಂದು ದಿನದ ಚಾರಣಕ್ಕೆ ಹೋಗೋದಾದರೆ ನಾಯಿಗೆ ಕೋಟು, ಬೂಟು ಕೊಳ್ಳಬೇಕಾ? ಬೇರೆ ಏನೇನು ಬೇಕು?

ಬೂಟಿನ ವಿಷಯ ಕೊನೆಗೆ ಹೇಳ್ತೀನಿ. ಪ್ರಶ್ನೆಯ ಕೆಳಗೆ ನೀವು "ದೊಡ್ಡ ಟ್ರೆಕ್ ಏನಲ್ಲ, ಸುಮ್ನೆ ಹೀಗೇ" ಅಂತ ಸೇರಿಸಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಮೂರು ವರ್ಷದ ಹಿಂದೆ ನಾನೂ ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದು ಇದೇ ಮಾತು. "ಸುಮ್ನೆ ಹೀಗೇ ಹೋಗಿ ಬರೋಣ ಬಾರೋ, ಗುಂಡನಿಗೂ ಕಾಲಾಡಿಸಿದ ಹಾಗಾಗುತ್ತೆ."

ಗುಂಡ ನನ್ನ ನಾಯಿ. ತೂಕ 24 ಕೆಜಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ಹೊಟ್ಟೆಯಡಿ, ಕಾಲಿನ ಹಿಂಬದಿ, ಬೆರಳ ಸಂದಿ, ಎಲ್ಲ ಕಡೆ ಜೂಲು. ಸ್ನಾನ ಮಾಡಿಸಿದರೆ ಒಣಗೋಕೆ ಅರ್ಧ ದಿನ ಬೇಕು.

ಆವತ್ತು ನಮ್ಮ ಹತ್ತಿರ ಏನು ಇರಲಿಲ್ಲ ಕೇಳಿ. ನಾಯಿಗೆ ಹೊಸ ಕೋಟು, ನಾಲ್ಕು ಹೊಸ ಬೂಟು, ಮಡಚುವ ಬಟ್ಟಲು. ನಮಗೆ ಒಳ್ಳೆ ಜಾಕೆಟ್, ಒಳ್ಳೆ ಶೂ. ದಾರಿಯೂ ಗೊತ್ತಿದ್ದದ್ದೇ. ಹೋಗಿ ಬರೋಕೆ 10 ಕಿಲೋಮೀಟರ್, ಏರು ಸುಮಾರು 450 ಮೀಟರ್. ವಿಲಿಯಂ ನೈಸ್ಮಿತ್ ಅಂತ ಒಬ್ಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಒಂದು ಲೆಕ್ಕ ಹಾಕಿಕೊಟ್ಟಿದ್ದಾನೆ, ಬೆಟ್ಟ ಹತ್ತುವವರು ಈಗಲೂ ಅದನ್ನೇ ಹಿಡಿಯುತ್ತಾರೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ನಮ್ಮ ದಾರಿ ಎರಡೂ ಮುಕ್ಕಾಲು ಗಂಟೆಯದು. ಬೇಸಿಗೆಯಲ್ಲಿ ನಾವು ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿಸಿದ್ದೆವು. ಅದಕ್ಕೇ ಆರಾಮಾಗಿ ಎದ್ದು, ಬಿಸಿಲು ಏರಲಿ ಅಂತ ಕಾದು, ಹನ್ನೊಂದೂವರೆಗೆ ಹೊರಟೆವು. ನಾಲ್ಕೂವರೆಗೆ ಸೂರ್ಯಾಸ್ತ. ಬೇಕಾದಷ್ಟು ಹೊತ್ತಿದೆ ಅನ್ನಿಸಿತು.

ನೈಸ್ಮಿತ್‌ನ ಲೆಕ್ಕ ಒಳ್ಳೆ ದಾರಿಗೆ, ಗಟ್ಟಿ ಕಾಲಿನವರಿಗೆ. ಹಿಮಕ್ಕೆ ಅಲ್ಲ, ಫೋಟೋ ತೆಗೆಯುವವರಿಗೆ ಅಲ್ಲ, ಪ್ರತಿ ಪೊದೆಯನ್ನೂ ಮೂಸುವ ನಾಯಿಗಂತೂ ಅಲ್ಲವೇ ಅಲ್ಲ.

ಮೊದಲ ಇಪ್ಪತ್ತು ನಿಮಿಷದಲ್ಲೇ ಗುಂಡನ ಒಂದು ಬೂಟು ಹಿಮದೊಳಗೆ ಹೋಯಿತು. ಹುಡುಕಿದೆವು, ಸಿಗಲಿಲ್ಲ. ಉಳಿದ ಮೂರರಲ್ಲಿ ಅವನು ಕಾದ ಹೆಂಚಿನ ಮೇಲೆ ಹೆಜ್ಜೆಯಿಟ್ಟ ಹಾಗೆ ಎತ್ತೆತ್ತಿ ನಡೆಯುತ್ತಿದ್ದ. ಬಿಚ್ಚಿ ಚೀಲಕ್ಕೆ ಹಾಕಿದೆವು. ಇದು ತಪ್ಪಲ್ಲ. ತಪ್ಪು ಮುಂದೆ ಆಯಿತು, ಸರಿಯಾಗಿ ಮಧ್ಯಾಹ್ನ ಒಂದು ಗಂಟೆಗೆ.

ಸ್ವಲ್ಪ ವಿವರವಾಗಿ ಹೇಳ್ತೀನಿ, ಸಹಿಸಿಕೊಳ್ಳಿ. ದಾರಿಗೆ ಅಡ್ಡ ಒಂದು ಮರ ಬಿದ್ದಿತ್ತು. ಅದರ ಮೇಲೆ ಒಂದು ಗೇಣು ಹಿಮ. ಅಲ್ಲಿಯವರೆಗೆ ಪಾದ ಮುಳುಗುತ್ತಿತ್ತು, ಅಲ್ಲಿಂದಾಚೆ ಮೀನಖಂಡ ಮುಳುಗುವಷ್ಟಿತ್ತು. ಒಂದೂವರೆ ಗಂಟೆ ನಡೆದು ಅರ್ಧ ಏರೂ ಮುಗಿದಿರಲಿಲ್ಲ. ಇಬ್ಬರೂ ನಿಂತೆವು. ಗೆಳೆಯ ಬಾಟಲಿ ತೆಗೆದು ನೀರು ಕುಡಿದ. ಕುಡಿಯುತ್ತಾ ಗಡಿಯಾರ ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದು: ಸಾಕಪ್ಪಾ, ತಿರುಗೋಣ. ಆದರೆ ಕರೆದವನು ನಾನು, ನಾನೇ ಹಿಂದೆ ಸರಿದರೆ ಹೇಗೆ ಅಂತ ಸುಮ್ಮನಿದ್ದೆ. ಅವನು ಬಾಟಲಿ ಮುಚ್ಚಿ, "ಹೂಂ?" ಅಂದ. ನಾನೂ "ಹೂಂ" ಅಂದೆ. ಅಷ್ಟೇ. ಆ "ಹೂಂ"ಗೆ ಅರ್ಥ ಏನು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಷ್ಟರಲ್ಲಿ ಗುಂಡ ಮರದ ಮೇಲೆ ಹಾರಿ ಆಚೆ ನಿಂತು, ಬಾಲ ಆಡಿಸುತ್ತಾ ನಮ್ಮನ್ನು ನೋಡಿದ. "ನೋಡೋ, ಇವನಿಗೆ ಇನ್ನೂ ಎಷ್ಟು ಹುರುಪು!" ಅಂದೆ ನಾನು. ಗೆಳೆಯ ನಕ್ಕ. ಇಬ್ಬರೂ ಮರ ದಾಟಿದೆವು. ಅಂದರೆ ಆವತ್ತಿನ ಬಹುಮುಖ್ಯ ತೀರ್ಮಾನವನ್ನು ತೆಗೆದುಕೊಂಡದ್ದು, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ ಅಂತ ಗೊತ್ತೇ ಇಲ್ಲದ ಒಂದು ಪ್ರಾಣಿ.

ನಾಯಿಯ ಹುರುಪು ಅದರ ಶಕ್ತಿಯ ಅಳತೆ ಅಲ್ಲ. ಅದು ನಿಮ್ಮ ಜೊತೆ ಇದೆ, ನೀವು ಮುಂದೆ ಹೋಗುತ್ತಿದ್ದೀರಿ, ಅದಕ್ಕೆ ಅಷ್ಟು ಸಾಕು. ಬಿಟ್ಟರೆ ಮುಂದೆ ಓಡಿ, ಹಿಂದೆ ಓಡಿ, ನೀವು ನಡೆದದ್ದಕ್ಕಿಂತ ಎಷ್ಟೋ ಹೆಚ್ಚು ದೂರ ಓಡಿರುತ್ತೆ. ಸುಸ್ತಾಯಿತು ಅಂತ ಹೇಳೋದಿಲ್ಲ. ಆಗೋವರೆಗೂ ಆಗಿಲ್ಲ, ಆದಮೇಲೆ ಕೂತುಬಿಡುತ್ತೆ.

ತುದಿ ಮುಟ್ಟಿದಾಗ ಎರಡು ಗಂಟೆ ನಲವತ್ತು ನಿಮಿಷ. ಅಲ್ಲಿ ಇಪ್ಪತ್ತೈದು ನಿಮಿಷ ಕೂತೆವು. ಗಾಳಿ ಬೀಸುತ್ತಿತ್ತು. ಗುಂಡ ಹಿಮದ ಮೇಲೆ ಮಲಗಿದ್ದ, ಸಣ್ಣಗೆ ನಡುಗುತ್ತಿದ್ದ. ಖುಷಿಗೆ ಅಂದುಕೊಂಡೆವು! ಕೋಟಿನ ಒಳಗೆ ಕೈಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು, ಎದೆ ಹೊಟ್ಟೆಯೆಲ್ಲ ಹಿಂಡಿದರೆ ನೀರಿಳಿಯುವಷ್ಟು ಒದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆಯುತ್ತೆ. ನಡೆಯುತ್ತಿರುವವರೆಗೆ ಮೈ ಬಿಸಿಯಾಗುತ್ತಲೇ ಇರುತ್ತೆ, ಒದ್ದೆ ಜೂಲಿನ ಆಟ ಶುರುವಾಗುವುದು ನಿಂತಮೇಲೆ. ನಾಯಿಯ ಮೈಶಾಖ ಸಹಜವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತೆ, ನಮಗಿಂತ ಜಾಸ್ತಿ. 37ರ ಕೆಳಗೆ ಇಳಿದರೆ ಕಷ್ಟ ಶುರು ಅಂತಲೇ. ನಡುಕ ಇದ್ದರೆ ಇನ್ನೂ ಮೈ ಹೋರಾಡುತ್ತಿದೆ ಅಂತ. ಚಳಿಯಲ್ಲೇ ಇದ್ದು ನಡುಕ ನಿಂತು ಮಂಕಾದರೆ ಆಗ ನಿಜವಾಗಿ ಹೆದರಬೇಕು.

ಇಳಿಯೋಕೆ ಶುರುಮಾಡಿದ್ದು ಮೂರೂ ಐದಕ್ಕೆ. ಬೆಳಗ್ಗೆ ಪುಡಿಪುಡಿಯಾಗಿದ್ದ ಹಿಮ ಬಿಸಿಲಿಗೆ ಮೆತ್ತಗಾಗಿತ್ತು. ಒಣ ಹಿಮ ಜೂಲಿಗೆ ಅಷ್ಟಾಗಿ ಅಂಟಲ್ಲ, ಸೊನ್ನೆ ಡಿಗ್ರಿ ಆಸುಪಾಸಿನ ಈ ಮೆತ್ತನೆ ಹಿಮ ಇದೆಯಲ್ಲ, ಅದು ಬೆರಳ ಸಂದಿಗೆ ಹೊಕ್ಕು, ಮೈಶಾಖಕ್ಕೆ ಸ್ವಲ್ಪ ಕರಗಿ, ಮತ್ತೆ ಹೆಪ್ಪುಗಟ್ಟಿ ಗೋಲಿಯಾಗುತ್ತೆ. ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಗುಂಡ ಕೂತು ಮುಂಗಾಲು ಕಚ್ಚತೊಡಗಿದ. ಎತ್ತಿ ನೋಡಿದರೆ ಬೆರಳ ಮಧ್ಯೆ ನೆಲ್ಲಿಕಾಯಿ ಗಾತ್ರದ ಮಂಜುಗಡ್ಡೆ, ಬೆರಳೆಲ್ಲ ಅಗಲವಾಗಿ ಬಿರಿದುಕೊಂಡಿವೆ. ಹೊಟ್ಟೆಯಡಿ ಗೊಂಚಲು ಗೊಂಚಲು.

ಹೊತ್ತಿದ್ದಿದ್ದರೆ ಕೂತು, ಅಂಗೈಯಲ್ಲಿ ಪಾದ ಮುಚ್ಚಿ ಬೆಚ್ಚಗೆ ಮಾಡಿ, ಗಡ್ಡೆಯನ್ನು ಬೆರಳಿನಿಂದ ಒಡೆದೊಡೆದು ತೆಗೆಯಬಹುದಿತ್ತು. ಒಂದು ಪಾದಕ್ಕೆ ಐದು ನಿಮಿಷದ ಕೆಲಸ. ನಾನು ಪಶ್ಚಿಮದ ಕಡೆ ನೋಡಿದೆ, ಸೂರ್ಯ ಆಗಲೇ ಎದುರುಗುಡ್ಡದ ನೆತ್ತಿಗೆ ತಾಗಿತ್ತು. (ಪಂಚಾಂಗದ ಸೂರ್ಯಾಸ್ತ ಬಯಲಿಗೆ. ಕಣಿವೆಯಲ್ಲಿ ಗುಡ್ಡ ಅಡ್ಡ ಬಂದರೆ ಮುಕ್ಕಾಲು ಗಂಟೆ ಮೊದಲೇ ನೆರಳು ಬೀಳಬಹುದು. ಇದನ್ನು ಯಾರೂ ಲೆಕ್ಕ ಹಾಕೋದಿಲ್ಲ.) ಗಡಿಬಿಡಿಯಲ್ಲಿ ಗಡ್ಡೆಯನ್ನು ಹಿಡಿದು ಎಳೆದೆ. ಅವನು ಚೀರಿದ ಸದ್ದು ಇನ್ನೂ ಕಿವಿಯಲ್ಲಿದೆ. ಗಡ್ಡೆಯ ಜೊತೆ ಕೂದಲೂ, ಕೂದಲಿನ ಜೊತೆ ಸಂದಿಯ ಚರ್ಮವೂ ಕಿತ್ತು ಬಂತು. ಬಿಳಿ ಹಿಮದ ಮೇಲೆ ನಾಲ್ಕೈದು ಹನಿ.

ಅಲ್ಲಿಂದ ಮುಂದಿನದು ಬೇಗ ಹೇಳಿಬಿಡ್ತೀನಿ. ಕೈಗವಸು ತೆಗೆದದ್ದಕ್ಕೆ ನನ್ನ ಬೆರಳು ಮರಗಟ್ಟಿ ಹಗ್ಗದ ಕೊಂಡಿ ಹಾಕೋಕೂ ಆಗಲಿಲ್ಲ. ಗೆಳೆಯನ ಫೋನ್ 40 ಪರ್ಸೆಂಟ್ ಚಾರ್ಜ್ ಇದ್ದದ್ದು ಚಳಿಗೆ ಸತ್ತಿತು. ಲಿಥಿಯಂ ಬ್ಯಾಟರಿಗಳ ಹಣೆಬರಹವೇ ಅದು, ಒಳಜೇಬಿನಲ್ಲಿ ಮೈಗೆ ತಾಗಿಸಿ ಇಡಬೇಕು, ಇವನು ಹೊರಜೇಬಿನಲ್ಲಿ ಇಟ್ಟಿದ್ದ. ಹಣೆಗೆ ಕಟ್ಟುವ ಟಾರ್ಚ್ ಕಾರಿನಲ್ಲಿತ್ತು, ಕತ್ತಲಿಗೆ ಮೊದಲೇ ಬರ್ತೀವಲ್ಲ ಅಂತ. 24 ಕೆಜಿಯ ಗುಂಡನನ್ನು ಕುರಿಮರಿಯ ಹಾಗೆ ಹೆಗಲ ಮೇಲೆ ಹಾಕಿಕೊಂಡು, ನೂರು ನೂರು ಹೆಜ್ಜೆಗೆ ಕೈ ಬದಲಾಯಿಸುತ್ತಾ ಇಳಿದೆವು. ಕೊನೆಯ ಎರಡು ಕಿಲೋಮೀಟರ್ ನನ್ನ ಫೋನಿನ ಬೆಳಕಿನಲ್ಲಿ. ಕಾರು ಮುಟ್ಟಿದಾಗ ಆರೂ ನಲವತ್ತು.

ಹೀಟರ್ ಹಾಕಿ, ಗುಂಡನನ್ನು ಟವೆಲಿನಲ್ಲಿ ಸುತ್ತಿ ಕೂತಿದ್ದೆವು. ತುಂಬಾ ಹೊತ್ತು ಆದಮೇಲೆ ಗೆಳೆಯ ಹೇಳಿದ, "ಆ ಮರದ ಹತ್ರಾನೇ ವಾಪಸ್ ಹೋಗೋಣ ಅನ್ನಿಸಿತ್ತು ಮಾರಾಯ. ನಿನಗೆ ಮೇಲೆ ಹೋಗೋ ಆಸೆ ಇದೆ ಅಂತ ಸುಮ್ನಾದೆ." ನಾನೂ ಅದನ್ನೇ ಹೇಳಿದೆ. ಆಮೇಲೆ ಇಬ್ಬರಿಗೂ ನಗು ಬರಲಿಲ್ಲ.

ಗಾಯ ಕೀವಾಗಿ, ಪಶುವೈದ್ಯರ ಹತ್ತಿರ ಮೂರು ಸಲ ಓಡಾಟ, ಒಂದು ತಿಂಗಳು ನಡಿಗೆ ಬಂದ್. ವಾಸಿಯಾಗಿದೆ, ಆದರೆ ಇವತ್ತಿಗೂ ಎಡ ಮುಂಗಾಲು ಮುಟ್ಟಿದರೆ ಗುಂಡ ಮುಖ ತಿರುಗಿಸಿಕೊಂಡು ಕಾಲು ಎಳೆದುಕೊಳ್ಳುತ್ತಾನೆ. ಬೇರೆ ಮೂರು ಕಾಲು ಕೊಡುತ್ತಾನೆ.

ಹಾಗಾಗಿ ಏನು ಕೊಳ್ಳಬೇಕು ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಏನೂ ಕೊಳ್ಳುವ ಮೊದಲು ಗೆಳೆಯನ ಜೊತೆ ಕೂತು, ಎಷ್ಟು ಹೊತ್ತಿಗೆ ತಿರುಗುವುದು ಅಂತ ಬಾಯಿಬಿಟ್ಟು ಮಾತಾಡಿಕೊಳ್ಳಿ. ಎಲ್ಲಿ ತಿರುಗುವುದು ಅಂತಲ್ಲ, ಎಷ್ಟು ಹೊತ್ತಿಗೆ. ತುದಿ ಸಿಗಲಿ ಬಿಡಲಿ. ಲೆಕ್ಕ ಸುಲಭ: ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಕಾರಿನ ಹತ್ತಿರ ಇರಬೇಕು. ಹೊರಟ ಹೊತ್ತಿನಿಂದ ಅಲ್ಲಿಯವರೆಗಿನದನ್ನು ಸರಿಯಾಗಿ ಅರ್ಧ ಮಾಡಿ. ಒಂಬತ್ತಕ್ಕೆ ಹೊರಟು, ನಾಲ್ಕೂವರೆಗೆ ಸೂರ್ಯಾಸ್ತ ಅಂದರೆ ಹನ್ನೆರಡೂ ಕಾಲಿಗೆ ತಿರುಗಬೇಕು. ಇಳಿಯೋಕೆ ಕಡಿಮೆ ಹೊತ್ತು ಸಾಕಲ್ಲ ಅಂತ ಬುದ್ಧಿವಂತಿಕೆ ಮಾಡಬೇಡಿ, ಕುಂಟುವ ನಾಯಿ ಇಳಿಯುವ ವೇಗ ನಾನು ನೋಡಿದ್ದೇನೆ. ಇಬ್ಬರ ಫೋನಿನಲ್ಲೂ ಅಲಾರಂ ಇಡಿ. ಅಲಾರಂ ಹೊಡೆದರೆ ಯಾರೂ ಮೊದಲು ಸೋತವರಾಗೋದಿಲ್ಲ, ಅದೇ ಅದರ ಉಪಯೋಗ. ಈಗ ನಾವು ಹೀಗೇ ಮಾಡ್ತೀವಿ. ಆ ಬೆಟ್ಟದ ತುದಿಯನ್ನು ಚಳಿಗಾಲದಲ್ಲಿ ಮತ್ತೆ ನೋಡಿಲ್ಲ. ಅದೇನು ಓಡಿಹೋಗಲ್ಲ.

ಇನ್ನೊಂದು ಪ್ರಶ್ನೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಿಮ್ಮ ನಾಯಿಯನ್ನು ಒಂದು ಕಿಲೋಮೀಟರ್ ಹೊರಬಲ್ಲಿರಾ? ಮನೆಯಲ್ಲೇ ಎತ್ತಿ ನೋಡಿ. ಆಗದಿದ್ದರೆ ಕಾರಿನಿಂದ ಅಷ್ಟು ದೂರ ಹೋಗಬೇಡಿ, ಇಲ್ಲವೇ ಇಬ್ಬರು ಹಿಡಿಯಬಹುದಾದ ಗಟ್ಟಿ ಬಟ್ಟೆ ಒಯ್ಯಿರಿ.

ಉಳಿದದ್ದೆಲ್ಲ ಸಣ್ಣ ವಿಷಯ. ಪಾದದ ಜೂಲನ್ನು ಹಿಂದಿನ ದಿನ ಅಂಗಾಲಿನ ಮಟ್ಟಕ್ಕೆ ಕತ್ತರಿಸಿ, ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿ. ಹಿಮ ತಿನ್ನುತ್ತಲ್ಲ ಅಂತ ನೀರು ಬಿಡಬೇಡಿ, ಅದಕ್ಕೂ ನೀರು ಹೊತ್ತುಕೊಳ್ಳಿ. ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತೆ, ಆಗ ಕಟ್ಟಿಕೊಳ್ಳುವುದು ತಳದ ಕಡೆ, ಮುಚ್ಚಳ ತೆರೆಯೋಕೆ ಬರುತ್ತೆ. ನಿಮ್ಮ ತಿಂಡಿಯಲ್ಲಿ ಚಾಕೊಲೇಟು, ಒಣದ್ರಾಕ್ಷಿ ಇದ್ದರೆ ನಾಯಿಗೆ ಎಟುಕದ ಹಾಗೆ ಕಟ್ಟಿ, ಎರಡೂ ಅದಕ್ಕೆ ವಿಷ. ಟಾರ್ಚ್ ಚೀಲದಲ್ಲಿ, ಕಾರಿನಲ್ಲಿ ಅಲ್ಲ. ಮೊಟ್ಟೆ ಕದಡುವ ತಂತಿಯ ಕಡಗೋಲು ಒಂದು ಇಟ್ಟುಕೊಳ್ಳಿ. ತಮಾಷೆಯಲ್ಲ, ಹೊಟ್ಟೆಯ ಜೂಲಿಗೆ ಕಟ್ಟಿದ ಗಡ್ಡೆ ಉದುರಿಸೋಕೆ ಅದರಷ್ಟು ಒಳ್ಳೆ ಸಾಧನ ನಾನು ಬೇರೆ ಕಂಡಿಲ್ಲ.

ಕೋಟು ಗಿಡ್ಡ ಕೂದಲಿನ ನಾಯಿಗೆ, ಬಡಕಲು ನಾಯಿಗೆ, ವಯಸ್ಸಾದದ್ದಕ್ಕೆ ಬೇಕು. ಜೂಲು ನಾಯಿಗಾದರೆ ನಡೆಯುವಾಗ ಅಲ್ಲ, ನಿಂತಾಗ ಹಾಕಿ, ಒಣಗಿದ್ದನ್ನು. ಬೂಟು ಬೇಕೇ ಬೇಕು ಅಂದರೆ ಎರಡು ವಾರ ಮನೆಯೊಳಗೆ ಹಾಕಿ ಅಭ್ಯಾಸ ಮಾಡಿಸಿ, ಆಮೇಲೆ ಬೆಟ್ಟ. ನಮ್ಮ ಮನೆಯಲ್ಲಿ ಮೂರು ಇವೆ, ಮಧ್ಯಮ ಅಳತೆ, ಇಪ್ಪತ್ತು ನಿಮಿಷ ಬಳಸಿದ್ದು. ನಾಲ್ಕನೆಯದು ಆ ದಾರಿಯಲ್ಲೇ ಎಲ್ಲೋ ಇದೆ, ಸಿಕ್ಕಿದರೆ ನೀವೇ ಇಟ್ಟುಕೊಳ್ಳಿ.